ಒಳಗೇ ಹೊಗೆಯಾಡುವ ಉರಿಯೂತ: ರಕ್ತದ ರಿಪೋರ್ಟಿನಲ್ಲಿ ಅದನ್ನು ಗುರುತಿಸುವ ಬಗೆ

ಎಚ್‌ಎಸ್-ಸಿಆರ್‌ಪಿ 4.2 ಎಂದು ಬಂದಿರುವ ರಿಪೋರ್ಟೊಂದು ಕೈಯಲ್ಲಿದೆ ಎಂದುಕೊಳ್ಳಿ. ಉರಿಯೂತವಿದ್ದಾಗ ಲಿವರ್ ತಯಾರಿಸುವ ಸಿಆರ್‌ಪಿ ಎಂಬ ಪ್ರೋಟೀನನ್ನು ಹೆಚ್ಚು ಸೂಕ್ಷ್ಮವಾಗಿ (ಹೈ ಸೆನ್ಸಿಟಿವಿಟಿ) ಅಳೆಯುವ ಪರೀಕ್ಷೆ ಇದು. ಅಂಕಿಯ ಪಕ್ಕ ದಪ್ಪಕ್ಷರದಲ್ಲಿ ‘ಹೈ’ ಎಂದಿದೆ. ಅದು ಕೆಲವು ದಿನಗಳ ಹಿಂದೆ ಬಂದುಹೋದ ನೆಗಡಿಯ ಉಳಿಕೆ ಇರಬಹುದು. ಹಲ್ಲುಜ್ಜುವಾಗ ರಕ್ತ ಜಿನುಗುವ ವಸಡಿನದ್ದಿರಬಹುದು, ಸೊಂಟದ ಸುತ್ತ ಸೇರಿಕೊಂಡ ಕೊಬ್ಬಿನದ್ದಿರಬಹುದು. ಕರುಳಿನಲ್ಲೋ ಕೀಲಿನಲ್ಲೋ ಸದ್ದಿಲ್ಲದೆ ಶುರುವಾದ ಕಾಯಿಲೆಯದ್ದೂ ಇರಬಹುದು. ಇವುಗಳನ್ನು ಬೇರೆ ಮಾಡಿ ತೋರಿಸುವ ಶಕ್ತಿ ಆ ಒಂಟಿ ಅಂಕಿಗೆ ಇಲ್ಲ. ಅದಕ್ಕೆ ಎರಡು ಬೆಂಬಲ ಬೇಕು: ಎರಡು ವಾರ ಬಿಟ್ಟು ತೆಗೆದ ಇನ್ನೊಂದು ಅಂಕಿ, ಮತ್ತು ಅದೇ ದಿನದ ರಕ್ತದಿಂದ ಬಂದ ಅಕ್ಕಪಕ್ಕದ ಪರೀಕ್ಷೆಗಳು. ಇವೆರಡೂ ಇಲ್ಲದೆ ಗಾಬರಿಯಾಗುವುದೂ ತಪ್ಪು, ನಿಶ್ಚಿಂತರಾಗುವುದೂ ತಪ್ಪು.

ಯಾರು ಮಾಡಿಸಬೇಕು, ಯಾರು ಕಾಯಬಾರದು

ಗಾಯವಾದಾಗ ಬರುವ ಊತ ಕೆಲಸ ಮುಗಿಸಿ ಕೆಲವು ದಿನಗಳಲ್ಲಿ ಇಳಿಯುತ್ತದೆ. ದೀರ್ಘಕಾಲದ ಉರಿಯೂತ ಬೂದಿ ಮುಚ್ಚಿದ ಕೆಂಡದ ಹಾಗೆ. ಮೇಲೆ ಏನೂ ಕಾಣದು, ಒಳಗೆ ತಿಂಗಳುಗಟ್ಟಲೆ ಸುಡುತ್ತಿರುತ್ತದೆ. ಕಾರಣ ಸಿಗದ ಸುಸ್ತು, ಬೆಳಗ್ಗೆ ಎದ್ದ ಮೇಲೆ ಅರ್ಧ ಗಂಟೆಗೂ ಹೆಚ್ಚು ಬಿಗಿದಿರುವ ಕೀಲುಗಳು, ಕಬ್ಬಿಣದ ಮಾತ್ರೆಗೆ ಜಗ್ಗದ ರಕ್ತಹೀನತೆ, ಆಗಾಗ ಕೆಡುವ ಹೊಟ್ಟೆ ಇದ್ದವರಿಗೆ ಈ ಪರೀಕ್ಷೆಗಳಿಂದ ಉಪಯೋಗವಿದೆ. ಹೃದಯಾಘಾತದ ಅಪಾಯ ಎಷ್ಟೆಂದು ವೈದ್ಯರೊಂದಿಗೆ ಲೆಕ್ಕ ಹಾಕುತ್ತಿರುವವರಿಗೂ ಇದೆ. 2017ರಲ್ಲಿ ಪ್ರಕಟವಾದ ಕ್ಯಾಂಟೋಸ್ ಎಂಬ ಅಧ್ಯಯನದಲ್ಲಿ, ಹಿಂದೆ ಹೃದಯಾಘಾತವಾಗಿದ್ದ, ಎಚ್‌ಎಸ್-ಸಿಆರ್‌ಪಿ 2 ಅಥವಾ ಅದಕ್ಕಿಂತ ಹೆಚ್ಚಿದ್ದ 10,061 ಜನರನ್ನು ಪರೀಕ್ಷಿಸಲಾಯಿತು. ಕೊಲೆಸ್ಟರಾಲ್ ಇಳಿಸದೆ ಉರಿಯೂತವನ್ನಷ್ಟೇ ಔಷಧಿಯಿಂದ ತಗ್ಗಿಸಿದರೂ ಹೃದಯದ ತೊಂದರೆಗಳು ಕಡಿಮೆಯಾದವು. ಅದೇ ಔಷಧಿಯಿಂದ ಮಾರಕ ಸೋಂಕುಗಳು ಹೆಚ್ಚಾದವು ಎಂಬುದನ್ನೂ ಜೊತೆಗೇ ಹೇಳಬೇಕು. ಸಣ್ಣ ಪ್ರಮಾಣದ ಉರಿಯೂತ ನಿರ್ಲಕ್ಷಿಸುವಂಥದ್ದಲ್ಲ, ಆದರೆ ಕಣ್ಣುಮುಚ್ಚಿ ಆರಿಸುವಂಥದ್ದೂ ಅಲ್ಲ.

ಕೆಲವು ಲಕ್ಷಣಗಳಿದ್ದರೆ ಈ ಬರಹವನ್ನು ಪಕ್ಕಕ್ಕಿಟ್ಟು ನೇರ ವೈದ್ಯರ ಬಳಿ ಹೋಗಿ: ಬಿಡದ ಜ್ವರ, ರಾತ್ರಿ ಬಟ್ಟೆ ತೊಯ್ಯುವಷ್ಟು ಬೆವರು, ತಾನಾಗಿ ಇಳಿಯುವ ತೂಕ, ಮಲದಲ್ಲಿ ರಕ್ತ, ಕೆಂಪಗೆ ಊದಿಕೊಂಡ ಕೀಲು. 50 ದಾಟಿದವರಿಗೆ ಹೊಸದಾಗಿ ಕಣತಲೆಯ ನೋವು ಶುರುವಾಗಿ, ಅಗಿಯುವಾಗ ದವಡೆ ನೋಯುತ್ತಿದ್ದರೆ ಅಥವಾ ಕಣ್ಣು ಮಂಜಾಗುತ್ತಿದ್ದರೆ ಅದೇ ದಿನ ಹೋಗಬೇಕು. ತಲೆಯ ಅಪಧಮನಿಯ ಉರಿಯೂತ ದೃಷ್ಟಿಯನ್ನೇ ಕಸಿಯಬಲ್ಲದು.

ಏನೇನು ಕೇಳಬೇಕು

ಮೊದಲ ಸುತ್ತಿಗೆ ದುಬಾರಿ ಪ್ಯಾಕೇಜು ಬೇಡ. ಎಚ್‌ಎಸ್-ಸಿಆರ್‌ಪಿ, ಬಿಳಿ ರಕ್ತಕಣಗಳ ವಿಂಗಡಣೆ ಸಮೇತ ಸಿಬಿಸಿ (ರಕ್ತಕಣಗಳ ಪೂರ್ಣ ಎಣಿಕೆ), ಇಎಸ್‌ಆರ್ (ಕೆಂಪು ಕಣಗಳು ತಳಕ್ಕಿಳಿಯುವ ವೇಗ), ಫೆರಿಟಿನ್ ಮತ್ತು ಅದರ ಜೊತೆಗೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಎಂಬ ಶೇಕಡಾವಾರು), ಒಟ್ಟು ಪ್ರೋಟೀನು ಮತ್ತು ಅಲ್ಬುಮಿನ್ ಸಾಕು. ಲಿವರ್ ಕಿಣ್ವಗಳು, ಕಿಡ್ನಿಯ ಕ್ರಿಯಾಟಿನಿನ್ ಮತ್ತು ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಇದ್ದರೆ ಓದುವುದು ಸುಲಭ. ಲಿವರ್, ಕಿಡ್ನಿ, ಸಕ್ಕರೆ ಮೂರೂ ಮೇಲಿನ ಅಂಕಿಗಳನ್ನು ಅಲುಗಾಡಿಸುತ್ತವೆ.

ಇಂಟರ್‌ಲ್ಯೂಕಿನ್-6 ಬೇಡವೇ ಎಂದು ಹಲವರು ಕೇಳುತ್ತಾರೆ. ಲಿವರಿಗೆ ಸಿಆರ್‌ಪಿ ತಯಾರಿಸಲು ಹೇಳುವ ಮುಖ್ಯ ಸಂದೇಶವೇ ಅದು, ನಿಜ. ಆದರೆ ಅದು ರಕ್ತದಲ್ಲಿ ಗಂಟೆಯಿಂದ ಗಂಟೆಗೆ ಏರಿಳಿಯುತ್ತದೆ, ಮಾದರಿಯನ್ನು ಬೇಗ ಬೇರ್ಪಡಿಸಿ ತಣ್ಣಗಿಡದಿದ್ದರೆ ಅಂಕಿ ಕೆಡುತ್ತದೆ. ಸಿಆರ್‌ಪಿ ಅದೇ ಸಂದೇಶದ ಗಟ್ಟಿ ದಾಖಲೆ. ಹಾಗೆಯೇ ಎಎನ್‌ಎ, ರುಮಟಾಯ್ಡ್ ಫ್ಯಾಕ್ಟರ್‌ಗಳನ್ನು ‘ಇರಲಿ ಒಂದು’ ಎಂದು ಸೇರಿಸಬೇಡಿ. ಅವು ಉರಿಯೂತದ ಅಳತೆಯಲ್ಲ, ನಿರ್ದಿಷ್ಟ ಕಾಯಿಲೆಗಳ ಸುಳಿವು. ಆರೋಗ್ಯವಂತರಲ್ಲೂ ಎಎನ್‌ಎ ಕಡಿಮೆ ಮಟ್ಟದಲ್ಲಿ ಪಾಸಿಟಿವ್ ಬರುವುದು ತೀರ ಸಾಮಾನ್ಯ. ಲಕ್ಷಣಗಳಿಲ್ಲದೆ ಮಾಡಿಸಿಕೊಂಡರೆ ವರ್ಷಗಟ್ಟಲೆ ಸುಮ್ಮನೆ ಭಯ.

ಎಚ್‌ಎಸ್ ಎಂಬ ಎರಡಕ್ಷರ ಚೀಟಿಯಲ್ಲಿ ಇರಲೇಬೇಕು. ಸಾಮಾನ್ಯ ಸಿಆರ್‌ಪಿ ಮತ್ತು ಎಚ್‌ಎಸ್-ಸಿಆರ್‌ಪಿ ಅಳೆಯುವುದು ಒಂದೇ ಪ್ರೋಟೀನನ್ನು. ವ್ಯತ್ಯಾಸ ಇರುವುದು ತಕ್ಕಡಿಯ ಸೂಕ್ಷ್ಮತೆಯಲ್ಲಿ. ಸಾಮಾನ್ಯ ಪರೀಕ್ಷೆ ನ್ಯುಮೋನಿಯಾದಂಥ ದೊಡ್ಡ ಬೆಂಕಿಗೆ ತಯಾರಾದದ್ದು. ಅದರಲ್ಲಿ ‘5ಕ್ಕಿಂತ ಕಡಿಮೆ’ ಎಂದು ಬಂದರೆ ನಿಮ್ಮದು 0.4 ಇದೆಯೋ 4.4 ಇದೆಯೋ ತಿಳಿಯುವುದೇ ಇಲ್ಲ. ನಾವು ಹುಡುಕುವ ಸಂಗತಿ ಇರುವುದೇ ಆ ಎರಡರ ನಡುವೆ.

ರಕ್ತ ಕೊಡುವ ದಿನ

ಹೆಚ್ಚಿನ ತಪ್ಪುಗಳು ಆಗುವುದು ಲ್ಯಾಬಿನಲ್ಲಲ್ಲ, ದಿನದ ಆಯ್ಕೆಯಲ್ಲಿ. ಪೆಟ್ಟೋ ಸೋಂಕೋ ತಗುಲಿದ 4ರಿಂದ 6 ಗಂಟೆಯೊಳಗೆ ಸಿಆರ್‌ಪಿ ಏರಲು ಶುರುವಾಗುತ್ತದೆ, ಸುಮಾರು 8 ಗಂಟೆಗೊಮ್ಮೆ ಇಮ್ಮಡಿಸುತ್ತದೆ, ಒಂದೂವರೆ–ಎರಡು ದಿನದಲ್ಲಿ ತುದಿ ಮುಟ್ಟುತ್ತದೆ. ಪ್ರಚೋದನೆ ನಿಂತ ಮೇಲೆ ಸುಮಾರು 19 ಗಂಟೆಗೊಮ್ಮೆ ಅರ್ಧವಾಗುತ್ತ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ: 80ಕ್ಕೆ ಏರಿದ್ದು ಕಾರಣ ಪೂರ್ತಿ ನಿಂತರೂ 2.5ಕ್ಕೆ ಬರಲು ಐದು ಸಲ ಅರ್ಧವಾಗಬೇಕು, ಅಂದರೆ ನಾಲ್ಕು ದಿನ. ಕಾಯಿಲೆ ಮಾತ್ರ ಒಂದೇ ದಿನ ಥಟ್ಟನೆ ನಿಲ್ಲುವುದಿಲ್ಲ. ಆದ್ದರಿಂದ ಜ್ವರ, ನೆಗಡಿ, ಭೇದಿ, ಹಲ್ಲು ಕೀಳಿಸಿದ್ದು, ಲಸಿಕೆ, ಪೆಟ್ಟು ಯಾವುದೇ ಆಗಿರಲಿ, ಪೂರ್ತಿ ಗುಣವಾಗಿ ಎರಡು ವಾರ ಕಳೆಯಲಿ. ಶಸ್ತ್ರಚಿಕಿತ್ಸೆಯಾಗಿದ್ದರೆ ಇನ್ನೂ ಹೆಚ್ಚು ಬಿಡುವು ಬೇಕು.

ದೂರದ ಓಟ, ಭಾರಿ ತೂಕ ಎತ್ತುವಂಥ ಕಠಿಣ ವ್ಯಾಯಾಮವನ್ನು ಮೂರು ದಿನ ಮೊದಲೇ ನಿಲ್ಲಿಸಿ. ದಿನದ ನಡಿಗೆ ಅಡ್ಡಿಯಿಲ್ಲ. ನಿದ್ದೆಗೆಟ್ಟ ರಾತ್ರಿಯ ಮರುದಿನ ಬೇಡ. ಸಿಆರ್‌ಪಿಗೆ ಉಪವಾಸ ಬೇಕಿಲ್ಲ, ಆದರೆ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್‌ಗೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಡುವುದು ಒಳ್ಳೆಯದು. ಹಿಂದಿನ ದಿನ ಕಬ್ಬಿಣದ ಮಾತ್ರೆ ನುಂಗಬೇಡಿ. ಕೂದಲಿಗೆಂದು ಹೆಚ್ಚು ಪ್ರಮಾಣದ ಬಯೊಟಿನ್ ತೆಗೆದುಕೊಳ್ಳುತ್ತಿದ್ದರೆ ಎರಡು ಮೂರು ದಿನ ನಿಲ್ಲಿಸಿ. ಕೆಲವು ಯಂತ್ರಗಳಲ್ಲಿ ಅದು ಫೆರಿಟಿನ್ ಅಂಕಿಯನ್ನು ಕೆಡಿಸುತ್ತದೆ.

ವೈದ್ಯರು ಬರೆದುಕೊಟ್ಟ ಔಷಧಿಯನ್ನು ಮಾತ್ರ ಪರೀಕ್ಷೆಗೋಸ್ಕರ ನಿಲ್ಲಿಸಲೇಬೇಡಿ. ಚೀಟಿಯ ಮೇಲೆ ಬರೆಯಿರಿ, ಸಾಕು. ಸ್ಟೆರಾಯ್ಡ್ ಮತ್ತು ಸ್ಟ್ಯಾಟಿನ್ ಸಿಆರ್‌ಪಿಯನ್ನು ಇಳಿಸುತ್ತವೆ, ನುಂಗುವ ಈಸ್ಟ್ರೋಜನ್ ಅಂದರೆ ಗರ್ಭನಿರೋಧಕ ಮಾತ್ರೆ ಏರಿಸುತ್ತದೆ. ಇಂಟರ್‌ಲ್ಯೂಕಿನ್-6ರ ದಾರಿಯನ್ನೇ ಮುಚ್ಚುವ ಟೊಸಿಲಿಜುಮ್ಯಾಬ್‌ನಂಥ ಔಷಧಿಯಲ್ಲಿರುವವರಿಗೆ ಗಂಭೀರ ಸೋಂಕಿದ್ದರೂ ಸಿಆರ್‌ಪಿ ಏರದೇ ಇರಬಹುದು. ಅವರು ಈ ಅಂಕಿಯನ್ನು ನೆಚ್ಚಿಕೊಳ್ಳುವಂತೆಯೇ ಇಲ್ಲ.

ಎಚ್‌ಎಸ್-ಸಿಆರ್‌ಪಿ ಓದುವುದು

ಮೊದಲು ಅಂಕಿಯನ್ನಲ್ಲ, ಮಾನವನ್ನು ನೋಡಿ. ಕೆಲವು ಲ್ಯಾಬುಗಳು ಲೀಟರಿಗೆ ಮಿಲಿಗ್ರಾಂ ಎಂದು ಬರೆಯುತ್ತವೆ, ಕೆಲವು ಡೆಸಿಲೀಟರಿಗೆ ಮಿಲಿಗ್ರಾಂ ಎಂದು. ಡೆಸಿಲೀಟರಿನ 0.42 ಅಂದರೆ ಲೀಟರಿನ 4.2. ಈ ಹತ್ತು ಪಟ್ಟಿನ ವ್ಯತ್ಯಾಸ ಗಮನಿಸದೆ ‘ಅರ್ಧಕ್ಕಿಂತ ಕಡಿಮೆ ಇದೆ’ ಎಂದು ಸಮಾಧಾನಪಟ್ಟವರೂ ಇದ್ದಾರೆ, ಎರಡು ಲ್ಯಾಬಿನ ರಿಪೋರ್ಟು ಹೋಲಿಸಿ ಹೌಹಾರಿದವರೂ ಇದ್ದಾರೆ.

ಲೀಟರಿನ ಲೆಕ್ಕದಲ್ಲಿ 1ಕ್ಕಿಂತ ಕಡಿಮೆ ಇದ್ದರೆ ಹೃದಯದ ದೃಷ್ಟಿಯಿಂದ ಕಡಿಮೆ ಅಪಾಯ, 1ರಿಂದ 3 ಮಧ್ಯಮ, 3ಕ್ಕಿಂತ ಮೇಲೆ ಹೆಚ್ಚು. ಅಮೆರಿಕದ ಹಾರ್ಟ್ ಅಸೋಸಿಯೇಷನ್ ಮತ್ತು ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2003ರಲ್ಲಿ ಒಟ್ಟಾಗಿ ಕೊಟ್ಟ ಈ ಗೆರೆಗಳು ಇಂದಿಗೂ ಬಳಕೆಯಲ್ಲಿವೆ. ಎರಡು ವಾರದ ಅಂತರದಲ್ಲಿ ಎರಡು ಸಲ ಅಳೆದು ಸರಾಸರಿ ತೆಗೆಯಬೇಕು ಎಂಬುದೂ ಅದೇ ಸಲಹೆಯ ಭಾಗ. ಜನ ಗೆರೆಗಳನ್ನು ನೆನಪಿಟ್ಟುಕೊಂಡರು, ಎರಡು ಸಲ ಎಂಬುದನ್ನು ಮರೆತರು. 10 ದಾಟಿದ್ದರೆ ಆ ಅಂಕಿಯನ್ನು ಹೃದಯದ ಲೆಕ್ಕಕ್ಕೆ ಸೇರಿಸಬಾರದು. ಸೋಂಕೋ ಬೇರೆ ಕಾರಣವೋ ಇದೆಯೇ ಎಂದು ಹುಡುಕಿ, ಅದು ಶಮನವಾದ ಮೇಲೆ ಮತ್ತೆ ಅಳೆಯಬೇಕು. ಮತ್ತೆಯೂ 10ರ ಮೇಲೇ ನಿಂತಿದ್ದರೆ ಅದು ಹೊಗೆಯಲ್ಲ, ಎಲ್ಲೋ ಬೆಂಕಿಯೇ ಇದೆ.

ಆರೋಗ್ಯವಾಗಿರುವ ಒಬ್ಬರಲ್ಲೇ ಈ ಅಂಕಿ ವಾರದಿಂದ ವಾರಕ್ಕೆ ಗಣನೀಯವಾಗಿ ಏರಿಳಿಯುತ್ತದೆ. 1.6 ಇದ್ದದ್ದು 2.3 ಆದರೆ ಅದನ್ನು ‘ಉಲ್ಬಣಿಸಿದೆ’ ಎಂದು ಓದಬೇಡಿ. ಇಮ್ಮಡಿಗೂ ಮೀರಿ ಏರಿದ್ದರೆ ಅಥವಾ ಅರ್ಧಕ್ಕಿಂತ ಕೆಳಗೆ ಇಳಿದಿದ್ದರೆ ಮಾತ್ರ ನಿಜಕ್ಕೂ ಏನೋ ಬದಲಾಗಿದೆ ಎಂದು ಹೇಳುವ ಧೈರ್ಯ ಬರುತ್ತದೆ.

ಕಡಿಮೆ ಸಿಆರ್‌ಪಿ ಬಂದರೆ ಎಲ್ಲ ಸರಿಯೇ? ಅಲ್ಲ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನ ಮೇಲೇ ತಿರುಗಿಬೀಳುವ ಲೂಪಸ್ ಕಾಯಿಲೆ ಜೋರಾಗಿದ್ದಾಗಲೂ ಅನೇಕರಲ್ಲಿ ಸಿಆರ್‌ಪಿ ಹೆಚ್ಚು ಏರುವುದಿಲ್ಲ, ಇಎಸ್‌ಆರ್ ಏರುತ್ತದೆ. ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಅಲ್ಸರೇಟಿವ್ ಕೊಲೈಟಿಸ್ ಕೆಲವರಲ್ಲಿ ಸಿಆರ್‌ಪಿಯನ್ನು ಮುಟ್ಟುವುದೇ ಇಲ್ಲ. ಲಿವರ್ ತೀರ ಸೋತಿದ್ದರೆ ಆ ಪ್ರೋಟೀನನ್ನು ತಯಾರಿಸುವವರೇ ಇಲ್ಲದಂತಾಗುತ್ತದೆ.

ಇಎಸ್‌ಆರ್: ನಿಧಾನಿ, ಆದರೆ ನೆನಪಿನ ಶಕ್ತಿ ಹೆಚ್ಚು

ಇಷ್ಟು ಸರಳ ಪರೀಕ್ಷೆ ಲ್ಯಾಬಿನಲ್ಲಿ ಇನ್ನೊಂದಿಲ್ಲ. ನಾಲ್ಕು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಬೆರೆಸಿ, ಸಪೂರ ಗಾಜಿನ ಕೊಳವೆಯಲ್ಲಿ 200 ಮಿಲಿಮೀಟರ್ ಎತ್ತರಕ್ಕೆ ತುಂಬಿ, ನೆಟ್ಟಗೆ ನಿಲ್ಲಿಸುತ್ತಾರೆ. ಕೆಂಪು ಕಣಗಳು ಮೆಲ್ಲಗೆ ತಳಕ್ಕಿಳಿಯುತ್ತವೆ, ಮೇಲೆ ತಿಳಿಹಳದಿ ಪ್ಲಾಸ್ಮಾ ಉಳಿಯುತ್ತದೆ. ಒಂದು ಗಂಟೆ ಕಳೆದಾಗ ಆ ಹಳದಿಯ ಎತ್ತರ ಎಷ್ಟು ಮಿಲಿಮೀಟರೋ ಅದೇ ಇಎಸ್‌ಆರ್. ಕೆಂಪು ಕಣಗಳು ಸಹಜವಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಉರಿಯೂತದಲ್ಲಿ ಹೆಚ್ಚುವ ಫೈಬ್ರಿನೋಜೆನ್ ಮತ್ತು ಇಮ್ಯುನೊಗ್ಲಾಬ್ಯುಲಿನ್‌ಗಳು ಆ ತಳ್ಳಾಟವನ್ನು ತಗ್ಗಿಸುತ್ತವೆ. ಕಣಗಳು ನಾಣ್ಯದ ಅಟ್ಟಿಯಂತೆ ಒಂದಕ್ಕೊಂದು ಅಂಟಿ, ಭಾರವಾಗಿ, ಬೇಗ ಇಳಿಯುತ್ತವೆ.

ಕೊಳವೆ ಮೂರೇ ಡಿಗ್ರಿ ವಾಲಿದ್ದರೂ ಅಂಕಿ ಸುಳ್ಳೇ ಏರುತ್ತದೆ. ಕೋಣೆಯ ಉಷ್ಣತೆಯಲ್ಲಿ ನಾಲ್ಕು ಗಂಟೆಗಿಂತ ಹೆಚ್ಚು ಇಟ್ಟ ರಕ್ತದಲ್ಲಿ ಸುಳ್ಳೇ ಇಳಿಯುತ್ತದೆ. ಹಾಗಾಗಿ ದೂರದ ಲ್ಯಾಬಿಗೆ ಸಾಗಿಸುವ ಮಾದರಿಗಿಂತ ರಕ್ತ ತೆಗೆದಲ್ಲೇ ಮಾಡಿಸುವುದು ವಾಸಿ. ರಕ್ತಹೀನತೆ, ಗರ್ಭ, ಕಿಡ್ನಿ ಕಾಯಿಲೆ, ವಯಸ್ಸು ಇವೆಲ್ಲ ಉರಿಯೂತ ಇಲ್ಲದೆಯೂ ಇಎಸ್‌ಆರ್ ಏರಿಸುತ್ತವೆ. ವಯಸ್ಸಿಗೆ ಒಂದು ಸುಲಭ ಸೂತ್ರವಿದೆ: ಗಂಡಸರಿಗೆ ವಯಸ್ಸಿನ ಅರ್ಧ, ಹೆಂಗಸರಿಗೆ ವಯಸ್ಸಿಗೆ ಹತ್ತು ಸೇರಿಸಿ ಅದರ ಅರ್ಧ, ಇದು ಮೇಲ್ಮಿತಿ. 60ರ ಮಹಿಳೆಗೆ 35 ಬಂದರೆ ಗಾಬರಿ ಬೇಡ. 25ರ ಯುವಕನಿಗೆ 35 ಬಂದರೆ ಕೇಳಲೇಬೇಕು. ಯಾರಿಗೇ ಆಗಲಿ 100 ದಾಟಿದರೆ ಕಾರಣ ಸಿಗುವವರೆಗೆ ಬಿಡಬಾರದು. ದೊಡ್ಡ ಸೋಂಕು, ರಕ್ತನಾಳದ ಉರಿಯೂತ, ಮೈಲೋಮಾದಂಥ ಕ್ಯಾನ್ಸರ್ ಅಲ್ಲಿ ಅಡಗಿರಬಹುದು.

ಸಿಆರ್‌ಪಿ ದಿನಗಳಲ್ಲಿ ಇಳಿಯುತ್ತದೆ, ಇಎಸ್‌ಆರ್ ಇಳಿಯಲು ವಾರಗಳು ಬೇಕು. ಸಿಆರ್‌ಪಿ ಸಹಜವಿದ್ದು ಇಎಸ್‌ಆರ್ ಮಾತ್ರ ಹೆಚ್ಚಿದ್ದರೆ ನಾಲ್ಕು ಸಾಧ್ಯತೆ ಯೋಚಿಸಿ: ಗುಣವಾದ ಸೋಂಕಿನ ನೆರಳು, ರಕ್ತಹೀನತೆ, ಲೂಪಸ್, ಅಥವಾ ರಕ್ತದಲ್ಲಿ ಗ್ಲಾಬ್ಯುಲಿನ್ ಹೆಚ್ಚಾಗಿರುವುದು.

ಫೆರಿಟಿನ್ ಹೇಳುವ ಅರ್ಧಸತ್ಯ

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಇದೇ. ಫೆರಿಟಿನ್ ಕಬ್ಬಿಣದ ಉಗ್ರಾಣ. ಉರಿಯೂತ ಬಂದಾಗ ಅದೂ ಸಿಆರ್‌ಪಿಯ ಜೊತೆ ಏರುತ್ತದೆ. ಅದೇ ಹೊತ್ತಿಗೆ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ ಉಗ್ರಾಣಕ್ಕೆ ಬೀಗ ಹಾಕುತ್ತದೆ: ಕರುಳು ಕಬ್ಬಿಣವನ್ನು ಒಳಬಿಡುವುದಿಲ್ಲ, ಕಬ್ಬಿಣ ಕೂಡಿಟ್ಟ ಜೀವಕೋಶಗಳು ಅದನ್ನು ಹೊರಬಿಡುವುದಿಲ್ಲ. ಹೀಗಾಗಿ ಫೆರಿಟಿನ್ ‘ಸಹಜ’ ಇದ್ದರೂ ರಕ್ತ ತಯಾರಾಗುವ ಮೂಳೆಮಜ್ಜೆಗೆ ಕಬ್ಬಿಣ ತಲುಪದಿರಬಹುದು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಇದಕ್ಕೇ ಎರಡು ಗೆರೆ ಕೊಟ್ಟಿತು. ಆರೋಗ್ಯವಂತ ವಯಸ್ಕರಲ್ಲಿ ಲೀಟರಿಗೆ 15 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಕೊರತೆ. ಸೋಂಕು ಅಥವಾ ಉರಿಯೂತ ಇದ್ದವರಲ್ಲಿ 70ಕ್ಕಿಂತ ಕಡಿಮೆ ಇದ್ದರೇ ಕೊರತೆ.

ಸ್ಯಾಚುರೇಶನ್ 20 ಶೇಕಡಾಕ್ಕಿಂತ ಕಡಿಮೆಯಿದ್ದು ಫೆರಿಟಿನ್ ಹೆಚ್ಚಿದ್ದರೆ ಬೀಗ ಬಿದ್ದಿದೆ ಎಂದರ್ಥ. ಎರಡೂ ಹೆಚ್ಚಿದ್ದು ಸ್ಯಾಚುರೇಶನ್ 45 ಶೇಕಡಾ ದಾಟಿದ್ದರೆ ಪ್ರಶ್ನೆ ಬೇರೆ, ಕಬ್ಬಿಣವೇ ಅತಿಯಾಗಿ ಸೇರಿಕೊಳ್ಳುವ ಕಾಯಿಲೆಯನ್ನು ನೋಡಬೇಕು. ಫೆರಿಟಿನ್ ಹೆಚ್ಚು, ಸ್ಯಾಚುರೇಶನ್ ಸಹಜ ಎಂಬ ಜೋಡಿ ಬಹಳ ಸಲ ಕೊಬ್ಬಿದ ಲಿವರಿಗೋ ಮದ್ಯಕ್ಕೋ ಬೊಟ್ಟು ಮಾಡುತ್ತದೆ.

ಸಿಬಿಸಿ ಮತ್ತು ಅಲ್ಬುಮಿನ್

ಸಿಬಿಸಿಯಲ್ಲಿ ಮೂರು ಕಡೆ ಕಣ್ಣು ಹಾಯಿಸಿ. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆ ಇದ್ದು ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ಸಹಜವಾಗಿದ್ದರೆ ದೀರ್ಘ ಕಾಯಿಲೆಯ ರಕ್ತಹೀನತೆಯ ನೆನಪಾಗಬೇಕು. ಪ್ಲೇಟ್‌ಲೆಟ್ ನಾಲ್ಕೂವರೆ ಲಕ್ಷ ದಾಟಿದ್ದರೆ ಉರಿಯೂತವೋ ಕಬ್ಬಿಣದ ಕೊರತೆಯೋ, ಎರಡೂ ಹಾಗೆ ಮಾಡುತ್ತವೆ. ಮೂರನೆಯದು ಬಿಳಿ ಕಣಗಳ ಎರಡು ಬಗೆಗಳಲ್ಲಿ ನ್ಯೂಟ್ರೋಫಿಲ್ ಸಂಖ್ಯೆಯನ್ನು ಲಿಂಫೋಸೈಟ್ ಸಂಖ್ಯೆಯಿಂದ ಭಾಗಿಸಿದರೆ ಬರುವ ಅನುಪಾತ. ಆರೋಗ್ಯವಂತ ವಯಸ್ಕರಲ್ಲಿ ಅದು ಸಾಮಾನ್ಯವಾಗಿ 1ರಿಂದ 3. ಇದಕ್ಕೆ ಎಲ್ಲರೂ ಒಪ್ಪಿದ ಗೆರೆಯಿಲ್ಲ. ಸ್ಟೆರಾಯ್ಡ್ ನುಂಗಿದರೂ, ಮನಸ್ಸು ದೇಹ ಒತ್ತಡದಲ್ಲಿದ್ದರೂ ಏರುತ್ತದೆ. ಸಾಕ್ಷಿಗಳ ಸಾಲಿನಲ್ಲಿ ಕೊನೆಯಲ್ಲಿ ನಿಲ್ಲಿಸಬೇಕಾದದ್ದು.

ಅಲ್ಬುಮಿನ್ ಉಲ್ಟಾ ನಡೆಯುತ್ತದೆ. ಉರಿಯೂತ ಹೆಚ್ಚಿದಂತೆ ಲಿವರ್ ಇದರ ತಯಾರಿಕೆ ತಗ್ಗಿಸುತ್ತದೆ. ಸಹಜ ಮಟ್ಟ ಡೆಸಿಲೀಟರಿಗೆ 3.5ರಿಂದ 5 ಗ್ರಾಂ. ಅರ್ಧಾಯುಷ್ಯ ಸುಮಾರು 20 ದಿನವಾದ್ದರಿಂದ ನಿನ್ನೆಯ ನೆಗಡಿ ಅದನ್ನು ಅಷ್ಟಾಗಿ ಅಲುಗಿಸದು. ಒಟ್ಟು ಪ್ರೋಟೀನಿನಿಂದ ಅಲ್ಬುಮಿನ್ ಕಳೆದು ನೋಡಿ. ಉಳಿದದ್ದು 4 ದಾಟಿದ್ದರೆ ದೀರ್ಘಕಾಲದ ಸೋಂಕು, ಲಿವರ್ ಕಾಯಿಲೆ, ಸ್ವಯಂಪ್ರತಿರೋಧಕ ಕಾಯಿಲೆ ಅಥವಾ ಮೈಲೋಮಾ ಇದೆಯೇ ಎಂದು ವೈದ್ಯರು ಪ್ರೋಟೀನುಗಳನ್ನು ಬೇರ್ಪಡಿಸಿ ತೋರಿಸುವ ಎಲೆಕ್ಟ್ರೋಫೊರೆಸಿಸ್ ಮಾಡಿಸುವುದುಂಟು. ಈ ಕಳೆಯುವ ಲೆಕ್ಕ ಬಿಡಿಗಾಸಿನ ಖರ್ಚಿಲ್ಲದೆ ಸಿಗುವ ಮಾಹಿತಿ, ಹೆಚ್ಚಿನವರು ನೋಡುವುದೇ ಇಲ್ಲ.

ಒಂದು ರಿಪೋರ್ಟನ್ನು ಕೂಡಿಸಿ ಓದೋಣ

ವಿವರಣೆಗೆಂದೇ ಕಟ್ಟಿದ ಉದಾಹರಣೆ ಇದು. 46 ವರ್ಷದ ಮಹಿಳೆ, ಸುಸ್ತು. ಎಚ್‌ಎಸ್-ಸಿಆರ್‌ಪಿ 5.8, ಎರಡು ವಾರದ ನಂತರ 6.4. ಇಎಸ್‌ಆರ್ 38. ಹಿಮೋಗ್ಲೋಬಿನ್ 10.9, ಎಂಸಿವಿ 84, ಪ್ಲೇಟ್‌ಲೆಟ್ 4.6 ಲಕ್ಷ. ನ್ಯೂಟ್ರೋಫಿಲ್ 5,900, ಲಿಂಫೋಸೈಟ್ 1,500. ಫೆರಿಟಿನ್ 58, ಸ್ಯಾಚುರೇಶನ್ 11 ಶೇಕಡಾ. ಅಲ್ಬುಮಿನ್ 3.6.

ಸಿಆರ್‌ಪಿ ಎರಡು ಸಲವೂ ಒಂದೇ ಮಟ್ಟದಲ್ಲಿದೆ, ಹಾಗಾಗಿ ಬಂದುಹೋದ ನೆಗಡಿಯಲ್ಲ. ಇಎಸ್‌ಆರ್ ಮಿತಿ ಸೂತ್ರದ ಪ್ರಕಾರ 28; ಹತ್ತು ಹೆಚ್ಚಿದೆ, ಆದರೆ ಅದರಲ್ಲಿ ಒಂದಷ್ಟು ರಕ್ತಹೀನತೆಯ ಪಾಲು. ಅನುಪಾತ 3.9, ಒಂಟಿಯಾಗಿ ಬಂದಿದ್ದರೆ ಬಿಡಬಹುದಿತ್ತು. ಅಲ್ಬುಮಿನ್ ಕೆಳಗೆರೆಯ ಹತ್ತಿರ ಇದೆ. ಫೆರಿಟಿನ್ 58ರ ಪಕ್ಕ ಲ್ಯಾಬು ‘ಸಹಜ’ ಎಂದೇ ಅಚ್ಚುಮಾಡಿರುತ್ತದೆ. ಆದರೆ ಉರಿಯೂತ ಇರುವಾಗ 70ರ ಗೆರೆ ಅನ್ವಯಿಸುತ್ತದೆ, ಸ್ಯಾಚುರೇಶನ್ 11 ಅದನ್ನು ಬೆಂಬಲಿಸುತ್ತದೆ. ಈ ರಕ್ತದಲ್ಲಿ ಉರಿಯೂತವೂ ಇದೆ, ಕಬ್ಬಿಣದ ಕೊರತೆಯೂ ಇದೆ. ಎರಡೂ ಒಟ್ಟಿಗೆ ಆಗುವ ಜಾಗ ಯಾವುದು? ಕರುಳು ಅವುಗಳಲ್ಲೊಂದು. ಮುಂದಿನ ಹೆಜ್ಜೆ ಮುಟ್ಟಿನ ಸ್ರಾವದ ವಿಚಾರಣೆ, ಮಲದಲ್ಲಿ ಗುಪ್ತರಕ್ತ ಮತ್ತು ಕರುಳಿನ ಉರಿಯೂತದ ಸುಳಿವು ಕೊಡುವ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆ, ಕೀಲುಗಳ ತಪಾಸಣೆ. ಸಿಆರ್‌ಪಿಯನ್ನಷ್ಟೇ ನೋಡಿದ್ದರೆ ಅರಿಶಿನದ ಕ್ಯಾಪ್ಸೂಲು ಕೊಂಡು ಸುಮ್ಮನಾಗುವ ಸಾಧ್ಯತೆಯೇ ಹೆಚ್ಚಿತ್ತು.

ಮೂಲ ಹುಡುಕುವ ಕ್ರಮ

ಈ ಯಾವ ಪರೀಕ್ಷೆಯೂ ಉರಿಯುತ್ತಿರುವ ಜಾಗವನ್ನು ಹೇಳುವುದಿಲ್ಲ. ಸಾಮಾನ್ಯವಾದದ್ದರಿಂದ ಶುರುಮಾಡಿ. ಬಾಯಿ ಮೊದಲು: ದಂತವೈದ್ಯರು ವಸಡಿನ ಸಂದುಗಳ ಆಳವನ್ನು ಅಳೆಯಲಿ, ಬರೀ ನೋಡಿದರೆ ಸಾಲದು. ನಂತರ ಸೊಂಟದ ಸುತ್ತಳತೆ, ಸಕ್ಕರೆ, ಲಿವರಿನ ಕೊಬ್ಬು. ಹೊಟ್ಟೆಯ ಕೊಬ್ಬು ತಾನೇ ಇಂಟರ್‌ಲ್ಯೂಕಿನ್-6 ಸುರಿಸುತ್ತದೆ, 3ರಿಂದ 6ರ ನಡುವೆ ನಿಂತ ಸಿಆರ್‌ಪಿಗೆ ಬಹಳಷ್ಟು ಜನರಲ್ಲಿ ಇದೇ ಕಾರಣ. ಹೊಗೆಸೊಪ್ಪು, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಮೂತ್ರದ ಸೋಂಕು, ಚರ್ಮದ ಸೋರಿಯಾಸಿಸ್ ಆಮೇಲೆ. ಇವೆಲ್ಲ ಇಲ್ಲವೆಂದಾದ ಮೇಲೆ ಕೀಲು, ಕರುಳು, ಕ್ಷಯ, ಹೆಪಟೈಟಿಸ್‌ಗಳತ್ತ ವೈದ್ಯರು ಲಕ್ಷಣ ನೋಡಿ ಹೋಗುತ್ತಾರೆ.

ಕಾರಣಕ್ಕೆ ಕೈಹಾಕಿದ ಮೇಲೆ ಮರುಪರೀಕ್ಷೆಗೆ 8ರಿಂದ 12 ವಾರ ಬಿಡಿ. ಅದೇ ಲ್ಯಾಬು, ಅದೇ ವಿಧಾನ, ಅದೇ ಹೊತ್ತು ಇರಲಿ. ಪ್ರತಿ ಅಂಕಿಯ ಪಕ್ಕ ಮಾನ, ತಾರೀಕು, ಆ ದಿನದ ತೂಕ, ನುಂಗುತ್ತಿದ್ದ ಔಷಧಿ, ಹಿಂದಿನ ಎರಡು ವಾರದ ಕಾಯಿಲೆ ಕಸಾಲೆ ಬರೆದಿಡಿ. ಆರು ತಿಂಗಳ ನಂತರ ‘ಆಗ 7.1 ಯಾಕೆ ಬಂದಿತ್ತು’ ಎಂದು ವೈದ್ಯರು ಕೇಳಿದಾಗ, ‘ಹಿಂದಿನ ವಾರ ಹಲ್ಲು ಕೀಳಿಸಿದ್ದೆ’ ಎಂಬ ಒಂದು ಸಾಲು ಒಂದು ಸ್ಕ್ಯಾನನ್ನೇ ತಪ್ಪಿಸಬಹುದು.